ಮರಿಗಳ ಕಾಲಿಗೆ ಕಟ್ಟಿದ ಪಟ್ಟಿ

ಕೋಳಿಮರಿಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದೂ ಸರಕಾರಿ ಕೆಲಸದ ಮೇಲೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಗ್ರಾಮಸೇವಿಕೆಯೆಂದು ನನ್ನನ್ನು ಅಫಜಲಪುರ ತಾಲ್ಲೂಕಿಗೆ ಹಾಕಿದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅತನೂರಿನವರೆಗೆ ಬಸ್ಸು, ಅಲ್ಲಿಂದ ಮುಂದೆ ತೊಗರಿ ಹೊಲಗಳ ನಡುವೆ ಮುಕ್ಕಾಲು ತಾಸು ನಡೆದರೆ ನನ್ನ ಪಾಲಿಗೆ ಬಂದ ಊರುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಸಿಗುತ್ತಿತ್ತು.

ಹುಟ್ಟಿದ್ದು, ಬೆಳೆದದ್ದು ಆಳಂದದಲ್ಲಿ. ನಮ್ಮದು ಲಿಂಗಾಯತರ ಮನೆ. ಅವ್ವ ಲಿಂಗಪೂಜೆಯಾಗದೆ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನನ್ನ ಕೆಲಸ ಏನೆಂದು ಆಕೆ ಕೇಳಿದಾಗ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು ಎಂದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಹೊಲಿಗೆಯ ಜೊತೆಗೆ ಹೊಗೆಯಿಲ್ಲದ ಒಲೆ, ಕೂಸುಗಳ ಚುಚ್ಚುಮದ್ದು ಎಲ್ಲವೂ ಇದ್ದವು. ಕೋಳಿ ಸಾಕುವ ಯೋಜನೆ ಬಂದಾಗ ಮಾತ್ರ ಅವ್ವನಿಗೆ ಹೇಳಲಿಲ್ಲ.

ಆ ಊರಿನಲ್ಲಿ ಐದು ಮನೆಗಳ ಹೆಣ್ಣುಮಕ್ಕಳಿಗೆ ಮರಿಗಳನ್ನು ಕೊಡುವುದೆಂದು ಆಗಿತ್ತು. ಹುಟ್ಟಿ ಒಂದೇ ದಿನವಾದ ಮರಿಗಳು. ಗುಲಬರ್ಗಾದಿಂದ ತೂತು ಕೊರೆದ ರಟ್ಟಿನ ಡಬ್ಬಿಗಳಲ್ಲಿ ಬಂದವು. ಒಂದು ಮನೆಗೆ ಇಪ್ಪತ್ತು. ಪಟ್ಟಿಯಲ್ಲಿ ಕೊನೆಯ ಹೆಸರು ಊರಾಚೆಯ ಓಣಿಯ ಒಬ್ಬ ವಿಧವೆಯದು. ಐವತ್ತೈದರ ಆಸುಪಾಸು. ಬೌದ್ಧರ ಮನೆ, ಒಳಗೆ ಗೋಡೆಯ ಮೇಲೆ ಬುದ್ಧನ ಪಟವೊಂದಿತ್ತು. ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆಗೆ ಕೋಳಿಯ ವಿಷಯ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಹೋತಮರಿಯ ಕಾಲು ಸೊಟ್ಟಾದರೆ, ಕೋಳಿಮರಿ ನಿಲ್ಲದಿದ್ದರೆ ಊರಿನವರು ಆಕೆಯ ಅಂಗಳಕ್ಕೇ ತರುತ್ತಿದ್ದರು. ಒಳ್ಳೆಯ ಕೈಗುಣ ಎಂದು ಹೆಸರಿತ್ತು. ಮೇಲಿನ ಓಣಿಯವರೂ ಬರುತ್ತಿದ್ದರು, ಅಂಗಳದ ಹೊರಗೆ ನಿಂತು ಮರಿಯನ್ನು ಕೆಳಗಿಟ್ಟು ಕಾಯುತ್ತಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅಂದು ನನಗೆ ಗೊತ್ತಿದ್ದದ್ದು ಕೈಯಲ್ಲಿದ್ದ ಕರಪತ್ರ ಒಂದೇ.

ಕರಪತ್ರದಲ್ಲಿ ಬುಟ್ಟಿಯ ತಳಕ್ಕೆ ಹೊಟ್ಟು ಹರಡಿ ಮೇಲೆ ಒರಟಾದುದನ್ನು ಏನಾದರೂ ಹಾಸಿರಿ ಎಂದಿತ್ತು. ನನಗೆ ಹೊಟ್ಟು ಹೊಲಸು ಕಾಣಿಸಿತು. ಸಾಹೇಬರು ನೋಡಲು ಬಂದರೆ ಚೊಕ್ಕಟವಾಗಿ ಕಾಣಲಿ ಎಂದು, ಹಳೆಯ ಕ್ಯಾಲೆಂಡರಿನ ದಪ್ಪ, ನುಣುಪು ಹಾಳೆಗಳನ್ನು ನಾನೇ ಒಯ್ದಿದ್ದೆ. ಐದೂ ಮನೆಗಳಿಗೆ ಆಗುವಷ್ಟು ಇರಲಿಲ್ಲ. ಆಯಿಯ ಮನೆಗೆ ಮಾತ್ರ ಹಾಸಿಸಿದೆ. ಆ ಮನೆಯೇ ಹೆಚ್ಚು ಹೊಲಸಿರಬಹುದೆಂದು ನೋಡುವ ಮೊದಲೇ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅಂಗಳ ಸಾರಿಸಿ, ಮೂಲೆಯಲ್ಲಿ ಮರಿಗಳ ಕಾವಿಗೆಂದು ಕಂದೀಲು ಒರೆಸಿ ಹಚ್ಚಲು ತಯಾರಾಗಿ ಇಟ್ಟಿತ್ತು. ಆದರೂ ಹಾಳೆಯನ್ನು ಕೈಗೆ ಕೊಟ್ಟೆ.

ಆಯಿ ಹಾಳೆಯ ಮೇಲೆ ಹೆಬ್ಬೆರಳು ತಿಕ್ಕಿ ನೋಡಿದಳು.

"ಅಕ್ಕೋರ, ಇದು ಜಾರ್ತದ್ರಿ. ಗೋಣಿತಟ್ಟು ಹಾಕ್ಲೇನ್ರಿ?"

"ಬ್ಯಾಡ ಆಯಿ, ತಟ್ಟಿನಾಗ ಹುಳ ಇರ್ತಾವ. ಹೇಳಿದಂಗ ಮಾಡ್ರಿ."

"ಹೂಂ ಆತ್ರಿ" ಎಂದು ಹಾಸಿದಳು. ನಾನು ಹೊಸ್ತಿಲ ಹೊರಗೆ ನಿಂತೇ ಕರಪತ್ರ ಓದಿದೆ. ಮರಿಗಳನ್ನು ಡಬ್ಬಿಯಿಂದ ಬುಟ್ಟಿಗೆ ಬಿಟ್ಟದ್ದೆಲ್ಲ ಆಕೆಯೇ. ಚಹಾ ಮಾಡುತ್ತೇನೆ ಎಂದಳು, ಈಗಷ್ಟೇ ಕುಡಿದು ಬಂದೆ ಎಂದೆ.

ನಾಲ್ಕನೆಯ ದಿನ ಮುಂಜಾನೆ ಮತ್ತೆ ಹೋದಾಗ ಆಯಿ ಬುಟ್ಟಿಯ ಮುಂದೆ ಕುಳಿತಿದ್ದಳು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಏಳು ಮರಿಗಳು ಹೊಟ್ಟೆಯ ಮೇಲೆ ಬಿದ್ದಿದ್ದವು. ಕಾಲುಗಳು ಎಡಕ್ಕೊಂದು ಬಲಕ್ಕೊಂದು ಚೆಲ್ಲಿಹೋಗಿದ್ದವು. ಏಳಲು ನೋಡುತ್ತಿದ್ದವು, ಒದ್ದಷ್ಟೂ ಹಾಳೆಯ ಮೇಲೆ ಕಾಲು ಜಾರಿ ಇನ್ನಷ್ಟು ಅಗಲವಾಗುತ್ತಿತ್ತು. ಇನ್ನೆರಡಕ್ಕೆ ಕಾಲು ನೆಟ್ಟಗಿದ್ದರೂ ಬೆರಳು ಒಳಗೆ ಮಡಚಿ, ಮುಷ್ಟಿಯ ಮೇಲೆ ನಡೆದಂತೆ ನಡೆಯುತ್ತಿದ್ದವು. ಉಳಿದ ಮರಿಗಳು ಬಿದ್ದವುಗಳನ್ನು ತುಳಿದುಕೊಂಡೇ ನುಚ್ಚಿಗೆ ಓಡಾಡುತ್ತಿದ್ದವು.

"ಇವು ಬದುಕತಾವೇನು ಆಯಿ?"

"ಬದುಕತಾವ್ರಿ. ಎಲುಬು ಇನ್ನಾ ಎಳೀವು ಅದಾವ. ತಡಾ ಮಾಡಬಾರದು. ನೀವು ಜರಾ ಹಿಡಕೋತೀರೇನು? ನನಗ ಎರಡ ಕೈ ಅಷ್ಟ ಅದಾವ."

ಹೊಸ್ತಿಲು ದಾಟಿ ಒಳಗೆ ಕುಳಿತೆ. ಆಕೆ ಒಂದು ಮರಿಯನ್ನು ನನ್ನ ಅಂಗೈಯಲ್ಲಿ ಅಂಗಾತ ಮಲಗಿಸಿದಳು. ಬೆಚ್ಚಗಿತ್ತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದು ಮರಿಯದೋ ನನ್ನ ಕೈಯದೋ ತಿಳಿಯಲಿಲ್ಲ. ಆಯಿ ತನ್ನ ಹಳೆಯ ಸೀರೆಯ ಮೆತ್ತನೆಯ ಭಾಗದಿಂದ ಉಗುರಿನಗಲ ಪಟ್ಟಿಗಳನ್ನು ಹರಿದಿಟ್ಟುಕೊಂಡಿದ್ದಳು. ಒಂದು ಕಾಲಿಗೆ ಒಂದು ಸುತ್ತು, ನಡುವೆ ತಿರುವಿ ಇನ್ನೊಂದು ಕಾಲಿಗೆ ಒಂದು ಸುತ್ತು. ಕಾಲುಗಳ ನಡುವೆ ಹೆಬ್ಬೆರಳಿನಗಲ ಜಾಗ ಬಿಟ್ಟಳು. ಗಂಟು ಹಾಕಿದ ಮೇಲೆ ಪಟ್ಟಿಯ ಕೆಳಗೆ ಬೆಂಕಿಕಡ್ಡಿ ತೂರಿಸಿ ನೋಡಿದಳು. ಸಲೀಸಾಗಿ ಹೋದರೆ ಸರಿ, ಸಿಕ್ಕಿಕೊಂಡರೆ ಬಿಚ್ಚಿ ಮತ್ತೆ ಕಟ್ಟುವುದು. ಬೆರಳು ಮಡಚಿದ ಎರಡಕ್ಕೆ ಬೆಂಕಿಪೆಟ್ಟಿಗೆಯ ರಟ್ಟನ್ನು ಪಾದದಷ್ಟೇ ಕತ್ತರಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಜಾಲಿಯ ಅಂಟು ಹಚ್ಚಿ ಕೂರಿಸಿದಳು. ಸಣ್ಣ ಕೂಸಿಗೆ ಚಪ್ಪಲಿ ತೊಡಿಸಿದಂತಿತ್ತು.

ಒಂಬತ್ತನ್ನೂ ಮುಗಿಸಿದ ಮೇಲೆ ಕ್ಯಾಲೆಂಡರ್ ಹಾಳೆ ತೆಗೆದು ಗೋಣಿತಟ್ಟು ಹಾಸಿದಳು. ನನ್ನನ್ನು ಕೇಳಲಿಲ್ಲ. ಒಂದೊಂದನ್ನೇ ಎತ್ತಿ ನಿಲ್ಲಿಸಿ, ಎರಡೂ ಕಡೆ ಬೆರಳು ಆಸರೆ ಕೊಟ್ಟು ಹಿಡಿದಳು. ಒಂದು ಮರಿ ನಿಂತಿತು, ಬಿತ್ತು, ಮತ್ತೆ ತಾನೇ ಎದ್ದಿತು. ನಾನು ಸಣ್ಣ ಹುಡುಗಿಯಂತೆ "ಎದ್ದಿತು, ಎದ್ದಿತು" ಎಂದೆ. ಆಯಿ ನಕ್ಕಳು.

"ದಿನಾ ಒಂದ ಸಲ ಪಟ್ಟಿ ಬಿಚ್ಚಿ ನೋಡಬೇಕ್ರಿ. ಬಿಚ್ಚಿ, ಸಡ್ಲ ಮಾಡಿ ಮತ್ತ ಕಟ್ಟೂದು. ನಾಕ ಐದ ದಿನಕ್ಕ ಪೂರಾ ತೆಗದ ಬಿಡೂದು. ಮರಿ ಬೆಳೀತದ, ಪಟ್ಟಿ ಬೆಳ್ಯಾಂಗಿಲ್ಲ."

ತಪ್ಪು ನನ್ನದೆಂದು ಆಕೆ ಒಂದು ಸಲವೂ ಎತ್ತಿ ಆಡಲಿಲ್ಲ. ನಾನೂ ಆಡಲಿಲ್ಲ.

ಮರುದಿನವೇ ಜೀಪು ಬಂತು. ಯೋಜನೆ ಹೇಗೆ ನಡೆದಿದೆ ನೋಡಲು ಮೇಲಿನ ಸಾಹೇಬರು ಬಂದಿದ್ದರು. ಜೊತೆಗೆ ಊರಿನ ಪಂಚಾಯತಿ ಮೆಂಬರು. ನಾಲ್ಕು ಮನೆ ನೋಡಿ ಕೊನೆಗೆ ಆಯಿಯ ಅಂಗಳಕ್ಕೆ ಬಂದರು. ಸಾಹೇಬರು ಬುಟ್ಟಿಯೊಳಗೆ ಬಗ್ಗಿ ನೋಡಿದ ತಕ್ಷಣ ಹುಬ್ಬು ಗಂಟಿಕ್ಕಿದರು.

"ಇದೇನಿದು? ಮರಿಗಳ ಕಾಲು ಕಟ್ಟಿಹಾಕ್ಯಾಳಲ್ಲ! ಏನಾಗ್ಯದ ಇವಕ್ಕ?"

"ಕಾಲು ಜಾರಿ ಅಗಲ ಆಗಿದ್ವು ಸಾಹೇಬ್ರ" ಎಂದಳು ಆಯಿ. "ನೆಟ್ಟಗ ಆಗ್ಲಿ ಅಂತ ಕಟ್ಟೇನ್ರಿ."

"ಜಾರಿದ್ದು ಯಾಕ?"

"ಬುಟ್ಟ್ಯಾಗ ನುಣುಪು ಕಾಗದ ಇತ್ರಿ."

"ಕಾಗದ ಯಾರು ಹಾಕಿದ್ರು?"

ಆಯಿ ನನ್ನ ಕಡೆ ನೋಡಿದಳು. ದೂರುವ ನೋಟವಲ್ಲ ಅದು. ಹೇಳುವುದಾದರೆ ನೀವೇ ಹೇಳಿರಿ ಎಂದು ನನಗೊಂದಿಷ್ಟು ಹೊತ್ತು ಬಿಟ್ಟುಕೊಟ್ಟಂತಿತ್ತು. ಸಾಹೇಬರ ಕಂಕುಳಲ್ಲಿ ಫೈಲು ಇತ್ತು. ನನ್ನನ್ನು ಕಾಯಂ ಮಾಡಲು ಶಿಫಾರಸು ಬರೆಯಬೇಕಾದವರು ಅವರೇ. ನಾನು ನನ್ನ ಚಪ್ಪಲಿಯ ಉಂಗುಟ ನೋಡುತ್ತ ನಿಂತೆ.

"ನಾನ ಹಾಕೇನ್ರಿ" ಎಂದಳು ಆಯಿ.

ಅದು ಸುಳ್ಳಲ್ಲ, ಹಾಸಿದ ಕೈ ಅವಳದೇ. ಸಾಹೇಬರು ನನ್ನ ಕಡೆ ತಿರುಗಿ, "ತಿಳೀದವರಿಗೆ ಕೊಟ್ರ ಹಿಂಗೇ ಆಗೂದು. ಮರಿಗಳನ್ನ ಬ್ಯಾರೆ ಮನಿಗೆ ಕೊಡ್ರಿ" ಎಂದರು. ಮೆಂಬರು ತಮ್ಮ ಮನೆಯಲ್ಲಿ ಜಾಗ ಇದೆ ಎಂದರು. ಅಷ್ಟರಲ್ಲೇ ಮುಗಿಯಿತು. ಆಯಿಯ ಹೆಸರನ್ನು ನಾನೇ ನನ್ನ ಪೆನ್ನಿನಿಂದ ಹೊಡೆದುಹಾಕಿದೆ.

ಇಪ್ಪತ್ತೂ ಮರಿಗಳನ್ನು ಅದೇ ರಟ್ಟಿನ ಡಬ್ಬಿಗೆ ತುಂಬಿ ನಾನು ಹೊತ್ತುಕೊಂಡೆ. ಆಯಿ ಓಣಿಯ ತುದಿಯವರೆಗೆ ಬಂದಳು. ನನ್ನ ಮೇಲೆ ರೇಗುತ್ತಾಳೆ ಎಂದುಕೊಂಡಿದ್ದೆ.

"ಅಕ್ಕೋರ, ಆ ಮನಿಯಾಕಿಗೆ ಮರೀದೆ ಹೇಳ್ರಿ. ದಿನಾ ಸಡ್ಲ ಮಾಡಬೇಕು. ಆಕಿಗೆ ಬರದಿದ್ರ ನಾ ಹೋಗಿ ಹೊರಗ ನಿಂತ ಮಾಡಿ ಬರ್ತೇನಿ."

"ಹೇಳ್ತೇನಿ ಆಯಿ" ಎಂದೆ.

ನಾನು ಹೇಳಲಿಲ್ಲ. ಇದನ್ನು ಬರೆಯುವುದು ಕಷ್ಟ. ಯಾಕೆಂದರೆ ನಾನು ಮರೆತಿರಲಿಲ್ಲ. ಮೆಂಬರ ಹೆಂಡತಿ ಡಬ್ಬಿ ತೆಗೆದು ನೋಡಿ, "ಅಯ್ಯ, ಈ ಚಿಂದಿ ಏನ್ರಿ?" ಎಂದಾಗ ನಾನು ಹೇಳಿದ ಮಾತೇ ಬೇರೆ. "ನಾನು ಬರೋ ತನಕ ಅವನ್ನ ಯಾರೂ ಮುಟ್ಟಬ್ಯಾಡ್ರಿ. ನಾನ ಬಂದು ಬಿಚ್ಚತೇನಿ." ಆ ಗಂಟುಗಳನ್ನು ನಾನೇ ಬಿಚ್ಚಬೇಕು, ಮರಿಗಳು ಓಡಾಡುವುದನ್ನು ಸಾಹೇಬರಿಗೆ ನಾನೇ ತೋರಿಸಬೇಕು ಎಂಬ ಆಸೆ ನನ್ನೊಳಗೆ ಹುಟ್ಟಿಬಿಟ್ಟಿತ್ತು. ಹಿಂದಿನ ದಿನ ಮರಿಗಳನ್ನು ಹಿಡಿದುಕೊಟ್ಟಿದ್ದೆ, ಅಷ್ಟಕ್ಕೇ ಎಲ್ಲ ಬಂತು ಎಂದುಕೊಂಡಿದ್ದೆ. ನಾಳೆ ಮುಂಜಾನೆ ಬರುತ್ತೇನೆ ಎಂದು ಹೇಳಿ ಅತನೂರಿನ ನನ್ನ ಬಾಡಿಗೆ ಕೋಣೆಗೆ ಬಂದೆ.

ಕೋಣೆಯ ಬಾಗಿಲಲ್ಲಿ ಅಣ್ಣ ಕುಳಿತಿದ್ದ. ಆಳಂದದಿಂದ ನನ್ನನ್ನು ಕರೆದೊಯ್ಯಲು ಬಂದಿದ್ದ. ನನ್ನನ್ನು ನೋಡಲು ಹಿರೋಳ್ಳಿಯ ಕಡೆಯವರೊಬ್ಬರು ಬರುವವರಿದ್ದರು. ಎರಡು ದಿನದ ಮಾತು ಎಂದ. ಹೊರಡುವ ಮುನ್ನ ಯಾರ ಕೈಯಲ್ಲಾದರೂ ಚೀಟಿ ಕಳಿಸಬಹುದಿತ್ತು. ಅತನೂರಿನ ಅಂಗಡಿಗೆ ಆ ಊರಿನವರು ದಿನವೂ ಬರುತ್ತಿದ್ದರು. ಆದರೆ ಅಣ್ಣನ ಮುಂದೆ ಕೋಳಿಯ ಮಾತು ಎತ್ತುವುದು ಹೇಗೆ? ಎರಡೇ ದಿನವಲ್ಲವೇ ಎಂದು ಬಸ್ಸು ಹತ್ತಿದೆ.

ಎರಡು ದಿನ ಒಂಬತ್ತಾಯಿತು. ಬಂದವರು ಒಪ್ಪಿದರು, ಮಾತುಕತೆಯಾಯಿತು, ಹಿರಿಯರು ಸೇರಿದರು, ಸೀರೆ ತರಲು ಸೋಲಾಪುರಕ್ಕೆ ಹೋಗಿಬಂದದ್ದಾಯಿತು. ಐದನೆಯ ದಿನ ಬಳೆಗಾರ ಅವಸರದಲ್ಲಿ ಒಂದು ಅಳತೆ ಸಣ್ಣ ಬಳೆ ತೊಡಿಸಿದಾಗ ಮುಂಗೈ ನೋಯತೊಡಗಿತು. ಆಗ ಮರಿಗಳ ನೆನಪು ಬಂತು. ಮೆಂಬರ ಹೆಂಡತಿಗೂ ಕಣ್ಣಿಲ್ಲವೇ, ನೋಡಿಕೊಂಡಾಳು ಎಂದು ನನಗೆ ನಾನೇ ಹೇಳಿಕೊಂಡೆ. ಮುಟ್ಟಬೇಡಿರಿ ಎಂದು ಕಟ್ಟಪ್ಪಣೆ ಮಾಡಿ ಬಂದವಳು ನಾನೇ ಎಂಬುದನ್ನು ನೆನೆಯಲು ಮನಸ್ಸು ಒಪ್ಪಲಿಲ್ಲ.

ಹತ್ತನೆಯ ದಿನ ಕೈಯಲ್ಲಿ ಹೊಸ ಬಳೆಗಳೊಂದಿಗೆ ಮೆಂಬರ ಮನೆಗೆ ಹೋದೆ. ಗಟ್ಟಿಯಿದ್ದ ಹನ್ನೊಂದು ಮರಿಗಳು ಅಂಗಳದಲ್ಲಿ ಓಡಾಡುತ್ತಿದ್ದವು, ಎರಡರಷ್ಟು ಬೆಳೆದಿದ್ದವು. ರಟ್ಟಿನ ಚಪ್ಪಲಿಯ ಎರಡಕ್ಕೂ ಏನೂ ಆಗಿರಲಿಲ್ಲ, ಅಂಟು ತಾನೇ ಬಿಟ್ಟು ಬೆರಳು ಸರಿಹೋಗಿದ್ದವು. ಪಟ್ಟಿ ಕಟ್ಟಿದ್ದ ಏಳು ಮರಿಗಳು ಬುಟ್ಟಿಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎರಡು ಆಗಲೇ ಸತ್ತಿದ್ದವು. ಉಳಿದವುಗಳ ಕಾಲು ಪಟ್ಟಿಯ ಕೆಳಗೆ ಊದಿ ಕಪ್ಪಾಗಿದ್ದವು. ಪಟ್ಟಿ ಎಲ್ಲಿದೆ ಎಂದು ಮೊದಲು ಕಾಣಲೇ ಇಲ್ಲ. ಅದು ಚರ್ಮದೊಳಗೆ ಹೂತುಹೋಗಿತ್ತು.

ಬ್ಲೇಡು ಕೇಳಿದೆ. ಒಂದನ್ನು ಹಿಡಿದು ಕೊಯ್ಯಲು ಹೋದರೆ ಬ್ಲೇಡು ಜಾರಿ ಮರಿಗೇ ತಾಗಿತು. ಅದರ ಕೂಗು ಈಗಲೂ ಕಿವಿಯಲ್ಲಿದೆ; ಅಷ್ಟು ಸಣ್ಣ ಗಂಟಲಿನಿಂದ ಬರುವ ಸದ್ದಲ್ಲ ಅದು. ಐದರಲ್ಲಿ ಮೂರರ ಪಾದ ಸತ್ತೇ ಹೋಗಿತ್ತು, ಅವು ಮರುದಿನ ದಾಟಲಿಲ್ಲ. ಎರಡು ಕುಂಟುತ್ತ ಬದುಕಿದವು.

"ನೀವ ಮುಟ್ಟಬ್ಯಾಡ್ರಿ ಅಂದಿದ್ರಿ" ಎಂದಳು ಮೆಂಬರ ಹೆಂಡತಿ. ಗಾಬರಿಯಾಗಿದ್ದಳು. "ನನಗ ಅನಿಸಿತ್ರಿ, ಊದಾಕತ್ತಾವ ಅಂತ. ಆದ್ರ ನೀವು ಬರ್ತೇನಿ ಅಂದಿದ್ರಿ. ಯಾಕ ಹಿಂಗಾತ್ರಿ?"

ನೆರೆಮನೆಯ ಹೆಣ್ಣುಮಕ್ಕಳೂ ಮೂರ್ನಾಲ್ಕು ಮಂದಿ ಬಂದು ನಿಂತಿದ್ದರು. ನಾನು ಎಲ್ಲರ ಮುಂದೆ ಹೇಳಿದೆ: "ಆಕಿ ಬಿಗಿಯಾಗಿ ಕಟ್ಟಿಬಿಟ್ಟಿದ್ಲು."

ಆ ಒಂದು ಮಾತು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಬೆಂಕಿಕಡ್ಡಿ ತೂರಿಸಿ ಆಕೆ ಪರೀಕ್ಷಿಸಿದ್ದನ್ನು ನೋಡಿದ ಕಣ್ಣುಗಳು ನನ್ನವೇ. ಹೆಣ್ಣುಮಕ್ಕಳು ತಲೆಯಾಡಿಸಿ, "ಅದಕ್ಕ ಹಿಂಗ ನೋಡ್ರಿ" ಎಂದು ಒಬ್ಬರ ಮುಖ ಒಬ್ಬರು ನೋಡಿದರು.

ಅಂದು ಸಂಜೆ ಊರ ಹೊರಗಿನ ದಾರಿಯಲ್ಲಿ ಕಟ್ಟಿಗೆ ಹೊರೆ ಹೊತ್ತು ಆಯಿ ಎದುರಾದಳು. ಹೊರೆಯ ಕೆಳಗಿನಿಂದಲೇ ಕೇಳಿದಳು.

"ಬಂದ್ರೇನು ಅಕ್ಕೋರ? ಮರಿ ನಡ್ಯಾಕತ್ತಾವೇನ್ರಿ?"

"ಹೂಂ ಆಯಿ, ನಡ್ಯಾಕತ್ತಾವ."

"ಛಲೋ ಆತು ಬಿಡ್ರಿ" ಎಂದು ನಕ್ಕು ಮುಂದೆ ಹೋದಳು. ರಾತ್ರಿಯೊಳಗೆ ಮರಿಗಳು ಸತ್ತ ಸುದ್ದಿಯನ್ನೂ ನಾನು ಆಡಿದ ಮಾತನ್ನೂ ಊರೇ ಆಕೆಗೆ ಮುಟ್ಟಿಸಿರುತ್ತದೆ ಎಂದು ನನಗೆ ಗೊತ್ತಿತ್ತು. ಆ ಮೇಲೆ ಆ ಓಣಿಗೆ ನಾನು ಕಾಲಿಡಲಿಲ್ಲ. ಕೆಲಸವಿದ್ದರೆ ಅಂಗನವಾಡಿಯ ಹುಡುಗಿಯನ್ನು ಕಳಿಸುತ್ತಿದ್ದೆ. ನೌಕರಿ ಕಾಯಂ ಆಯಿತು, ಮದುವೆಯಾಯಿತು, ಮುಂದಿನ ವರ್ಷ ಜೇವರ್ಗಿ ತಾಲ್ಲೂಕಿಗೆ ವರ್ಗವೂ ಆಯಿತು.

ಹತ್ತು ಹನ್ನೆರಡು ವರ್ಷಗಳಾದ ಮೇಲೆ ಜೇವರ್ಗಿಯ ಬಸ್‌ ನಿಲ್ದಾಣದಲ್ಲಿ ಕುಳಿತಿದ್ದೆ. ನನ್ನ ಮಗಳು ಜೊತೆಗಿದ್ದಳು. ಕಟ್ಟೆಯ ಆಚೆ ತುದಿಯಲ್ಲಿ ಒಬ್ಬ ಮುದುಕಿ ಮೊಮ್ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಮೊದಲು ಗುರುತಿಸಿದ್ದು ಆಕೆಯ ಬೆರಳುಗಳನ್ನು. ಎದ್ದು ಬೇರೆ ಕಡೆ ಹೋಗಬಹುದಿತ್ತು. ಹೋಗಲು ಎದ್ದಿದ್ದೆ ಕೂಡ. ಆದರೆ ಆಕೆ ತಲೆಯೆತ್ತಿ ನೋಡಿದಳು.

"ಅಕ್ಕೋರ ಅಲ್ಲೇನ್ರಿ?"

ಮಗಳ ಮನೆ ಜೇವರ್ಗಿಯಲ್ಲಿದೆ, ಬಾಣಂತನಕ್ಕೆ ಬಂದಿದ್ದೆ ಎಂದಳು. ನನ್ನ ಮಗಳ ಗದ್ದ ಹಿಡಿದು ಮಾತನಾಡಿಸಿದಳು. ಮಗಳನ್ನು ಬಿಸ್ಕೀಟು ತರಲು ಕಳಿಸಿ, ಒಮ್ಮೆಗೇ ಎಲ್ಲ ಹೇಳಿಬಿಟ್ಟೆ: ಕ್ಯಾಲೆಂಡರ್ ಹಾಳೆ, ಮುಟ್ಟಬೇಡಿರಿ ಎಂದದ್ದು, ಆಳಂದದಲ್ಲಿ ಕಳೆದ ಒಂಬತ್ತು ದಿನ, ಮೆಂಬರ ಅಂಗಳದಲ್ಲಿ ಆಡಿದ ಮಾತು. ಆಕೆ ಸಮಾಧಾನ ಹೇಳುತ್ತಾಳೆ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆನೆಂದು ಕಾಣುತ್ತದೆ.

ಆಯಿ ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ನೀವು ಹಂಗ ಅಂದದ್ದು ನನಗ ಅವತ್ತ ಗೊತ್ತಾತ್ರಿ. ಮರಿ ಸತ್ತದ್ದು ಇರ್ಲಿ, ಪಟ್ಟಿ ಬಿಚ್ಚೂದು ಯಾರರೇ ಮರೀತಾರ. ಆದ್ರ ಆಮ್ಯಾಲೆ ಯಾರೂ ನನ್ನ ಕಡೆ ಬರಲಿಲ್ಲ ಅಕ್ಕೋರ. ಆಕಿ ಕಟ್ಟಿದ್ರ ಕಾಲ ಹೋಗ್ತಾವ ಅಂದ್ರು. ಸೆರಗಿನಾಗ ಮರಿ ಇಟಗೊಂಡು ನನ್ನ ಬಾಗಲ ಮುಂದ ಹಾದು ಬ್ಯಾರೆ ಊರಿಗೆ ಒಯ್ತಿದ್ರು. ನಾ ಕುಂತ ನೋಡ್ತಿದ್ದೆ."

ನಾನು ಆಕೆಯ ಕೈ ಹಿಡಿಯಲು ಹೋದೆ. ಆಕೆ ಕೈ ಕೊಡಲಿಲ್ಲ.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತದ. ಊರಾಗ ಹೇಳ್ರಿ."

ಅಷ್ಟರಲ್ಲಿ ಆಕೆಯ ಬಸ್ಸು ಬಂತು. ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದಳು.

ಊರಿಗೆ ಹೋಗಲು ನನಗೆ ಮತ್ತೆ ಎರಡು ತಿಂಗಳು ಬೇಕಾದವು. ಪ್ರತಿ ವಾರ ಒಂದು ನೆಪ ಸಿಗುತ್ತಿತ್ತು. ಕೊನೆಗೆ ಗಂಡನಿಗೆ ಗಾಣಗಾಪುರಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಅತನೂರಿಗೆ ಹೋದೆ. ಈಗ ಊರಿನವರೆಗೂ ಬಸ್ಸಿತ್ತು. ಶಾಲೆಯ ಪಕ್ಕದ ಕಟ್ಟೆಯ ಮೇಲೆ ತಿಂಗಳ ಸಭೆಗೆಂದು ಮಹಿಳಾ ಮಂಡಳದ ಹತ್ತು ಹನ್ನೆರಡು ಮಂದಿ ಸೇರಿದ್ದರು. ಆಯಿಯನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಮೆಂಬರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು, ಕೂದಲು ನೆರೆತಿತ್ತು.

ನಿಂತುಕೊಂಡು ಹೇಳಿದೆ. ಆಯಿ ಬಿಗಿಯಾಗಿ ಕಟ್ಟಿರಲಿಲ್ಲ, ದಿನಾ ಬಿಚ್ಚಬೇಕೆಂದು ನನಗೆ ಹೇಳಿದ್ದಳು, ನಾನು ಹೇಳಲಿಲ್ಲ, ಸುಳ್ಳು ಹೇಳಿದೆ. ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಕೆಲವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಮೆಂಬರ ಹೆಂಡತಿ ಮಾತ್ರ ಆಯಿಯ ಕಡೆ ನೋಡಿ, "ನಾನೂ ಮಂದಿಗೆ ಹಂಗ ಹೇಳ್ಕೋತ ಬಂದೇನಿ ಬೇ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಂದೆ ಕುಳಿತಿದ್ದ ಒಬ್ಬ ಹರೆಯದ ಸೊಸೆ ಕೇಳಿದಳು: "ಮತ್ತ ನಿಮ್ಮ ನೌಕರಿ ಹೋಗಲಿಲ್ಲೇನ್ರಿ?"

"ಇಲ್ಲ."

"ಕಾಯಂ ಆತೇನ್ರಿ?"

"ಆತು" ಎಂದೆ.

ಸ್ವಲ್ಪ ಹೊತ್ತಿನಲ್ಲಿ ಮಾತು ಯಾರದೋ ವಿಧವಾ ವೇತನದ ಕಡೆ ಹೊರಳಿತು. ಮೆಂಬರ ಹೆಂಡತಿ ಎದ್ದು ಆಯಿಯ ಪಕ್ಕಕ್ಕೆ ಬಂದು ಕುಳಿತಳು. ನಾನು ಒಬ್ಬಾಕೆಯ ಅರ್ಜಿ ಬರೆದುಕೊಟ್ಟೆ.

ಬಸ್ಸಿನ ಹೊತ್ತಾದಾಗ ಆಯಿ ನನ್ನೊಂದಿಗೆ ದಾರಿಯವರೆಗೆ ಬಂದಳು. ಇನ್ನು ಮುಂದೆ ಊರಿನವರು ನಿಮ್ಮ ಕಡೆ ಮರಿ ತರಬಹುದು ಎಂದೆ. ಹಾಗೆ ಹೇಳಿದರೆ ನನಗೇ ಹಗುರವಾದೀತೆಂಬ ಆಸೆ. ಆಕೆ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಬೆರಳುಗಳು ತಾವೇ ತಾವಾಗಿ ಸಣ್ಣಗೆ ನಡುಗುತ್ತಿದ್ದವು. ಬಸ್‌ ನಿಲ್ದಾಣದಲ್ಲಿ ನಾನದನ್ನು ಗಮನಿಸಿರಲಿಲ್ಲ.

"ಎರಡ ವರ್ಷ ಆತ್ರಿ ಹಿಂಗ" ಎಂದಳು. "ಸೂಜಿಗೆ ದಾರ ಪೋಣಸಾಕ ಆಗಾಂಗಿಲ್ಲ. ಇನ್ನ ಮರಿ ಕಾಲ ಎಲ್ಲಿ ಕಟ್ಲಿ?"

ಬಸ್ಸು ಬಂತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದೆ. ಆಕೆ ಆಗಲೇ ತಿರುಗಿ ಓಣಿಯ ಕಡೆ ನಡೆಯುತ್ತಿದ್ದಳು, ನಿಧಾನವಾಗಿ, ದಾರಿಯ ಕಲ್ಲುಗಳನ್ನು ನೋಡಿಕೊಂಡು.